ಯೇಸುವನ್ನು ಹೃದಯಕ್ಕೆ ಬರಮಾಡಿಕೊಳ್ಳುವುದು: ಮಾತಿನ ಅರ್ಥವೇನು, ದಿನನಿತ್ಯ ಅದು ನಡೆಯುವುದು ಹೇಗೆ?

ಮನೆಯವರೊಬ್ಬರು, ಇಲ್ಲವೇ ಆಫೀಸಿನ ಗೆಳೆಯರೊಬ್ಬರು, "ನಾನು ಯೇಸುವನ್ನು ಹೃದಯದಲ್ಲಿ ಸ್ವೀಕರಿಸಿದೆ" ಎಂದರೆ ಕೇಳಿದವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ: ಹೆಸರು ಬದಲಾಯಿಸುತ್ತಾರಾ, ಹಬ್ಬಕ್ಕೆ ಬರುತ್ತಾರಾ, ಮಕ್ಕಳ ಮದುವೆ ಹೇಗೆ? ಹೇಳಿದವರಿಗೂ ತಮ್ಮ ಮಾತಿನ ಪೂರ್ತಿ ಅರ್ಥ ಗೊತ್ತಿರುತ್ತದೆ ಎನ್ನುವಂತಿಲ್ಲ. ಕೂಟವೊಂದರಲ್ಲಿ ಕಣ್ಣೀರು ಬಂದಿರುತ್ತದೆ, ಯಾರೋ ಪ್ರಾರ್ಥನೆ ಹೇಳಿಕೊಟ್ಟಿರುತ್ತಾರೆ, ಮರುದಿನ ಏನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದರು. ಕಥೋಲಿಕರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೊಡಿಸ್ಟ್, ಬ್ಯಾಪ್ಟಿಸ್ಟ್, ಪೆಂಟಕೋಸ್ಟಲ್, ಬ್ರೆದರನ್ ಹೀಗೆ ಹಲವು ಸಭೆಗಳಿವೆ, ಪದ್ಧತಿಗಳಲ್ಲಿ ವ್ಯತ್ಯಾಸವೂ ಇದೆ. ಆದರೆ ಬುಡದಲ್ಲಿರುವ ವಿಷಯ ಒಂದೇ. ಮೊದಲು ಅದನ್ನು ನೋಡೋಣ.

ಏನನ್ನು ನಂಬುತ್ತಾರೆ?

ಕ್ರೈಸ್ತ ನಂಬಿಕೆಯ ನಡುಗಂಬ ಒಬ್ಬ ವ್ಯಕ್ತಿ. ನಜರೇತಿನ ಯೇಸು ಮನುಷ್ಯನಾಗಿ ಬಂದ ದೇವರು, ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ಸತ್ತ, ಮೂರನೆಯ ದಿನ ಎದ್ದ, ಇಂದಿಗೂ ಜೀವಂತನಾಗಿದ್ದಾನೆ. ಇಷ್ಟು ನಂಬಿಕೆಯ ಸಾರ. ಅದರ ಜೊತೆಗೆ ನಾಲ್ಕು ಪದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಪಾಪ ಎಂದರೆ ಬಿಡಿ ತಪ್ಪುಗಳ ಪಟ್ಟಿ ಮಾತ್ರವಲ್ಲ, ದೇವರಿಂದ ಮುಖ ತಿರುಗಿಸಿ ನಾನೇ ನನ್ನ ಒಡೆಯ ಎಂದು ಬದುಕುವ ಸ್ಥಿತಿ. ಪಶ್ಚಾತ್ತಾಪ ಎಂದರೆ ಆ ಮುಖವನ್ನು ಮರಳಿ ತಿರುಗಿಸುವುದು. ಕೃಪೆ ಎಂದರೆ ನಮ್ಮ ಯೋಗ್ಯತೆ ನೋಡದೆ ದೇವರು ಕೊಡುವ ದಾನ. ರಕ್ಷಣೆ ಎಂದರೆ ಪಾಪದಿಂದಲೂ ಮರಣದಿಂದಲೂ ಬಿಡುಗಡೆಯಾಗಿ ದೇವರೊಂದಿಗೆ ಸಂಬಂಧ ಸರಿಹೋಗುವುದು.

ಕೃಪೆಯ ವಿಷಯವೇ ಹೊಸಬರಿಗೆ ಬಹಳ ಕಷ್ಟ. ಉಪವಾಸ, ಹರಕೆ, ದಾನಗಳಿಂದ ಪುಣ್ಯ ಸೇರಿಸಿಕೊಳ್ಳಬೇಕು ಎಂಬ ಯೋಚನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಅದನ್ನು ತಿರುವುಮುರುವು ಮಾಡುತ್ತದೆ: ರಕ್ಷಣೆ ದೇವರ ದಾನ, ಅದು ಮನುಷ್ಯನ ಕ್ರಿಯೆಗಳಿಂದ ಬಂದದ್ದಲ್ಲ, ಒಳ್ಳೆಯ ಕೆಲಸಗಳು ಅದರ ಹಿಂದೆ ಬರುತ್ತವೆ. ಹಾಗಾದರೆ ಪ್ರಾರ್ಥನೆ, ಓದು, ಆರಾಧನೆ ಏಕೆ ಬೇಕು? ಮಳೆ ಬರಿಸುವುದು ರೈತನ ಕೈಯಲ್ಲಿಲ್ಲ. ಹೊಲ ಉತ್ತು, ಬದು ಕಟ್ಟಿ ಇಟ್ಟುಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಕ್ರೈಸ್ತ ಸಾಧನೆಗಳ ಕೆಲಸ ಆ ಬದುವಿನದು. ಈ ಕ್ರಮ ತಲೆಕೆಳಗಾದರೆ ಪ್ರಾರ್ಥನೆ ವ್ಯಾಪಾರವಾಗುತ್ತದೆ, ತಪ್ಪಿದ ದಿನ ಭಯ ಶುರುವಾಗುತ್ತದೆ.

"ಹೃದಯದ ಬಾಗಿಲು" ಎಲ್ಲಿಂದ ಬಂತು?

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಕೊನೆಯ ಪುಸ್ತಕ ಪ್ರಕಟನೆಯ 3ನೇ ಅಧ್ಯಾಯದ 20ನೇ ವಚನದಲ್ಲಿ ಕ್ರಿಸ್ತನು ಬಾಗಿಲಲ್ಲಿ ನಿಂತು ತಟ್ಟುತ್ತಾನೆ. ತೆರೆದವರ ಮನೆಗೆ ಬಂದು ಅವರ ಜೊತೆ ಊಟ ಮಾಡುತ್ತೇನೆ ಎನ್ನುತ್ತಾನೆ. ಗೋಡೆಯ ಕ್ಯಾಲೆಂಡರ್‌ಗಳಲ್ಲಿ ಕಾಣುವ ಚಿತ್ರಕ್ಕೆ ಮೂಲ ಇದೇ. ಈ ಮಾತು ಹೊರಗಿನವರಿಗೆ ಹೇಳಿದ್ದಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಲವೊದಿಕೀಯ ಎಂಬ ಊರಿನ ಸಭೆಗೆ, ಅಂದರೆ ಆಗಲೇ ಕ್ರೈಸ್ತರಾಗಿದ್ದು ಉಗುರುಬೆಚ್ಚಗಾಗಿದ್ದ ಜನರಿಗೆ ಅದನ್ನು ಹೇಳಿದ್ದು. ಬಾಗಿಲು ತೆರೆಯುವ ಕೆಲಸ ಜೀವನದಲ್ಲಿ ಒಂದೇ ಸಲ ಮುಗಿಯುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಕೂಟದ ಕೊನೆಯಲ್ಲಿ ಪ್ರಸಂಗಿಯ ಹಿಂದೆ ಹಿಂದೆ ಹೇಳುವ ಸಣ್ಣ ಪ್ರಾರ್ಥನೆ ಇತ್ತೀಚಿನ ಪದ್ಧತಿ. ಸುವಾರ್ತಾ ಸಭೆಗಳಲ್ಲಿ ಅದು 20ನೇ ಶತಮಾನದಲ್ಲಿ ವ್ಯಾಪಕವಾಯಿತು. ಬೈಬಲಿನಲ್ಲಿ ಅಂಥ ಸಿದ್ಧ ಮಂತ್ರವಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯ ಎರಡನ್ನು ಜೋಡಿಸುತ್ತದೆ: ಯೇಸುವೇ ಒಡೆಯ ಎಂದು ಬಾಯಿಂದ ಒಪ್ಪಿಕೊಳ್ಳುವುದು, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬುವುದು. ಪ್ರಾಮಾಣಿಕವಾಗಿ ಹೇಳಿದ ಸಣ್ಣ ಪ್ರಾರ್ಥನೆ ಈ ಎರಡಕ್ಕೂ ಒಳ್ಳೆಯ ಆರಂಭ. ಅದರ ಪದಗಳಲ್ಲೇ ಶಕ್ತಿಯಿದೆ ಎಂದುಕೊಂಡವರು ಅನುಮಾನ ಬಂದಾಗಲೆಲ್ಲ, ಪ್ರತಿ ಕೂಟದಲ್ಲೂ, ಅದನ್ನೇ ಮತ್ತೆ ಹೇಳುತ್ತ ಅಲ್ಲೇ ನಿಂತುಬಿಡುತ್ತಾರೆ.

ಪ್ರಾಟೆಸ್ಟೆಂಟ್ ಸಭೆಗಳು ಹುಟ್ಟಿದ ಸುಧಾರಣಾ ಕಾಲದ ಬೋಧಕರು ನಂಬಿಕೆಯನ್ನು ಮೂರು ಪದರಗಳಾಗಿ ಬಿಡಿಸಿದ್ದು ಇಲ್ಲಿ ನೆರವಾಗುತ್ತದೆ. ಯೇಸು ಯಾರು, ಏನು ಹೇಳಿದ ಎಂಬ ತಿಳಿವಳಿಕೆ ಒಂದು. ಅದು ನಿಜವೆಂದು ಬುದ್ಧಿ ಒಪ್ಪುವುದು ಇನ್ನೊಂದು. ನನ್ನ ಬದುಕನ್ನೇ ಆತನ ಕೈಗೆ ಒಪ್ಪಿಸುವ ಭರವಸೆ ಮೂರನೆಯದು. ಭಾವ ಉಕ್ಕಿ ಬಂದವರಿಗೆ ಮೊದಲ ಪದರ ತೆಳುವಾಗಿರುತ್ತದೆ, ಅವರು ಸುವಾರ್ತೆಯನ್ನು, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕವನ್ನು, ಓದಬೇಕು. ಓದಿ ಓದಿ ಬಂದವರಿಗೆ ಮೂರನೆಯದೇ ಬಾಕಿ ಇರುತ್ತದೆ. ನಿಮ್ಮಲ್ಲಿ ಯಾವುದು ತೆಳುವಾಗಿದೆ ಎಂದು ಗುರುತಿಸಿಕೊಂಡರೆ ಮುಂದಿನ ಹೆಜ್ಜೆ ತಾನೇ ಗೊತ್ತಾಗುತ್ತದೆ.

ಪಶ್ಚಾತ್ತಾಪ: ಅಳು ಸಾಲದು, ಲೆಕ್ಕ ಬೇಕು

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯ ಎಂಬ ಶ್ರೀಮಂತ ಸುಂಕದವನಿದ್ದಾನೆ. ಯೇಸು ಅವನ ಮನೆಗೆ ಬಂದದ್ದು ಮೊದಲು. ಅವನು ಬದಲಾದದ್ದು ಆಮೇಲೆ. ಆ ಬದಲಾವಣೆ ಹಣದ ಲೆಕ್ಕದಲ್ಲಿ ಹೊರಬಿತ್ತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಹೃದಯದ ಸಂಗತಿ ಎಂದರೆ ಒಳಗೇ ಉಳಿಯುವಂಥದ್ದು ಎಂದುಕೊಂಡವರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಇದನ್ನು ಮಾಡುವ ಬಗೆ ಸರಳ, ಆದರೆ ಸುಲಭವಲ್ಲ. ಒಂದು ಗಂಟೆ ಬಿಡುವು ಮಾಡಿಕೊಂಡು ಕೂತು ಹತ್ತು ಆಜ್ಞೆಗಳನ್ನು (ವಿಮೋಚನಕಾಂಡ 20) ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ನಿಮ್ಮ ಬದುಕಿನ ನಿರ್ದಿಷ್ಟ ಘಟನೆಗಳನ್ನು ಬರೆಯಿರಿ. "ನಾನು ಪಾಪಿ" ಎಂಬ ಸಾಮಾನ್ಯ ಮಾತಿನಿಂದ ಏನೂ ಬದಲಾಗುವುದಿಲ್ಲ. "ತಮ್ಮನ ಪಾಲಿನ ಹಣ ಇಟ್ಟುಕೊಂಡೆ" ಎಂದು ಬರೆದರೆ ಮುಂದೇನು ಮಾಡಬೇಕೆಂಬುದು ಎದುರಿಗೇ ನಿಲ್ಲುತ್ತದೆ. ದೇವರಲ್ಲಿ ಅದನ್ನು ಹೆಸರು ಹಿಡಿದು ಒಪ್ಪಿಕೊಳ್ಳಿ. ಸರಿಪಡಿಸಬಹುದಾದದ್ದನ್ನು ಸರಿಪಡಿಸಿ: ಹಣ ವಾಪಸು ಕೊಡಿ, ಸುಳ್ಳನ್ನು ತಿದ್ದಿ, ನೋಯಿಸಿದವರ ಬಳಿ ನೆಪ ಸೇರಿಸದೆ ಕ್ಷಮೆ ಕೇಳಿ. ಆಮೇಲೆ ಆ ಹಾಳೆಯನ್ನು ಹರಿದುಹಾಕಿ. ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನದ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರದ) ನಂತರ ಮಾಡಿದ ಪಾಪಗಳನ್ನು ಗುರುಗಳ ಮುಂದೆ ಹೇಳುವ ಪಾಪನಿವೇದನೆಯ ಸಂಸ್ಕಾರವಿದೆ. ಗಂಭೀರ ಪಾಪಗಳನ್ನು ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಬೇಕೆಂಬುದು ಸಭೆಯ ನಿಯಮ.

ಕ್ಷಮೆ ಕೊಡುವುದೂ ಇದರಲ್ಲೇ ಸೇರಿದೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವ ಕ್ಷಮೆಯೂ ಕೊಡುವ ಕ್ಷಮೆಯೂ ಒಂದೇ ವಾಕ್ಯದಲ್ಲಿವೆ. ಆದರೆ ಹೊಡೆಯುವ ಗಂಡನ ಜೊತೆ ಬಾಯಿ ಮುಚ್ಚಿಕೊಂಡಿರುವುದಕ್ಕೆ ಕ್ಷಮೆ ಎಂಬ ಹೆಸರು ಸಲ್ಲದು. ದ್ವೇಷ ಬಿಡುವುದು ಬೇರೆ, ಅಪಾಯದಿಂದ ದೂರ ಹೋಗಿ ಪೊಲೀಸರಿಗೆ ತಿಳಿಸುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಬಹುದು.

ದಿನಚರಿ: ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ

ಹೊಸ ಉತ್ಸಾಹದಲ್ಲಿ ಆದಿಕಾಂಡದಿಂದ ಶುರುಮಾಡಿ ವರ್ಷದಲ್ಲಿ ಇಡೀ ಬೈಬಲ್ ಓದುತ್ತೇನೆ ಎಂದು ಹೊರಟವರು ಯಾಜಕಕಾಂಡದ ಬಲಿನಿಯಮಗಳಲ್ಲಿ ಸಿಕ್ಕಿಹಾಕಿಕೊಂಡು ಪುಸ್ತಕ ಮುಚ್ಚುತ್ತಾರೆ. ಹಾಗಾಗಿ ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದರಂತೆ 16 ದಿನ. ಮುಂದೆ ಲೂಕ, ಅದರ ಮುಂದುವರಿಕೆಯಾದ ಅಪೊಸ್ತಲರ ಕೃತ್ಯಗಳು, ಆಮೇಲೆ ಯೋಹಾನ. ಹೊಸ ಒಡಂಬಡಿಕೆಯಲ್ಲಿ ಒಟ್ಟು 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಓದಿದರೆ ಸರಿಯಾಗಿ 52 ವಾರ. ಉಳಿದ ಎರಡು ದಿನ ಕೀರ್ತನೆಗಳಿಗೆ ಕೊಡಿ.

ಯಾವ ಪ್ರತಿ ಕೊಳ್ಳಬೇಕು ಎಂಬುದೂ ಮುಖ್ಯ. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ 19ನೇ ಶತಮಾನದ ಮೊದಲರ್ಧದಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದರು. ಪ್ರಾಟೆಸ್ಟೆಂಟ್ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸತ್ಯವೇದ ಎಂಬ ಅನುವಾದದ ಕನ್ನಡಕ್ಕೆ ಗಾಂಭೀರ್ಯವಿದೆ, ಆದರೆ ಹೊಸ ಓದುಗರಿಗೆ ಅದು ತೊಡಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಮಳಿಗೆಗಳಲ್ಲಿ ಸರಳ ಕನ್ನಡದ ಪ್ರತಿಗಳೂ ಸಿಗುತ್ತವೆ. ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕ ಬೈಬಲಿನಲ್ಲಿ 73; ಹೊಸ ಒಡಂಬಡಿಕೆಯ 27 ಎರಡರಲ್ಲೂ ಒಂದೇ.

ಓದುವ ವಿಧಾನಕ್ಕೆ ಮಠಗಳ ಹಳೆಯ ಪದ್ಧತಿಯೊಂದಿದೆ. 12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೊ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದ. ಹತ್ತು ಹದಿನೈದು ಸಾಲುಗಳಷ್ಟು ಭಾಗವನ್ನು ನಿಧಾನವಾಗಿ ಓದುವುದು. ಮನಸ್ಸಿಗೆ ತಾಗಿದ ಮಾತೊಂದರ ಹತ್ತಿರ ನಿಂತು ಅದನ್ನೇ ಮೆಲುಕು ಹಾಕುವುದು. ಅದರ ಬಗ್ಗೆ ದೇವರೊಂದಿಗೆ ನಿಮ್ಮ ಮನೆಮಾತಿನಲ್ಲೇ ಮಾತಾಡುವುದು. ಕೊನೆಗೆ ಮಾತು ಬಿಟ್ಟು ಸುಮ್ಮನೆ ಇರುವುದು. ಪ್ರಾರ್ಥನೆಗೆ ಗ್ರಾಂಥಿಕ ಕನ್ನಡ ಬೇಡ. ಕುಂದಾಪುರದವರು ಕುಂದಗನ್ನಡದಲ್ಲಿ, ಧಾರವಾಡದವರು ಧಾರವಾಡದ ಮಾತಿನಲ್ಲಿ ಪ್ರಾರ್ಥಿಸಲಿ. ಮಾತೇ ಬಾರದ ದಿನ ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸುವೇ ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೆ ಸಾಕು. ಆದಿ ಕ್ರೈಸ್ತರ ಕೈಪಿಡಿಯಾದ ದಿದಖೆ ಅದನ್ನು ದಿನಕ್ಕೆ ಮೂರು ಸಲ ಹೇಳಲು ತಿಳಿಸುತ್ತದೆ.

ರಾತ್ರಿಯ ಹತ್ತು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೆಳಗಿನದಕ್ಕಿಂತ ಬದುಕನ್ನು ಹೆಚ್ಚು ತಿದ್ದುವುದು ಅದೇ. 16ನೇ ಶತಮಾನದ ಲೊಯೋಲದ ಇಗ್ನಾಸಿಯ ಕಲಿಸಿದ ಆತ್ಮಶೋಧನೆಯ ಕ್ರಮ ಹೀಗಿದೆ. ಇವತ್ತು ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳಿ. ದಿನವನ್ನು ಸರಿಯಾಗಿ ಕಾಣಲು ಬೆಳಕು ಕೇಳಿ. ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೆನಪಿಸಿಕೊಳ್ಳಿ: ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಫೋನಿನಲ್ಲಿ ಹೇಗೆ ನಡೆದುಕೊಂಡೆ? ತಪ್ಪಿದ್ದಕ್ಕೆ ಕ್ಷಮೆ ಕೇಳಿ. ನಾಳೆ ಮಾಡುವ ಒಂದೇ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಿ. ಕೃತಜ್ಞತೆಯನ್ನು ಬಿಟ್ಟು ನೇರವಾಗಿ ತಪ್ಪುಗಳಿಗೆ ಇಳಿದರೆ ಇದು ಆತ್ಮನಿಂದನೆಯಾಗಿ ನಿದ್ದೆ ಕೆಡಿಸುತ್ತದೆ. ಅದಕ್ಕೇ ಆ ಹೆಜ್ಜೆಗೆ ಮೊದಲ ಸ್ಥಾನ.

ಭಾನುವಾರ, ಸಭೆ, ದೀಕ್ಷಾಸ್ನಾನ

ಮನೆಯಲ್ಲೇ ನಂಬಿಕೊಂಡಿದ್ದರೆ ಸಾಲದೇ? ಅಪೊಸ್ತಲರ ಕೃತ್ಯಗಳು 2:42ರಲ್ಲಿ ಮೊದಲ ಕ್ರೈಸ್ತರ ಬದುಕಿಗೆ ನಾಲ್ಕು ಅಂಗಗಳು ಕಾಣುತ್ತವೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ನಡುವಿನ ಎರಡು ಒಬ್ಬರಿಂದ ಆಗುವಂಥವಲ್ಲ.

ಚರ್ಚಿಗೆ ಮೊದಲ ಸಲ ಹೋಗುವವರು ಹಿಂದಿನ ಸಾಲಿನಲ್ಲಿ ಕೂತು ಎಲ್ಲರೂ ಎದ್ದಾಗ ಎದ್ದರೆ ಸಾಕು. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಪ್ರಭುಭೋಜನವನ್ನು, ಕಥೋಲಿಕರು ಪರಮಪ್ರಸಾದ ಎನ್ನುವುದನ್ನು, ದೀಕ್ಷಾಸ್ನಾನ ಆಗದವರು ತೆಗೆದುಕೊಳ್ಳುವುದಿಲ್ಲ. ಎಲ್ಲರೂ ಮುಂದೆ ಹೋಗುವಾಗ ಕೂತಲ್ಲೇ ಕೂತಿರುವುದು ಅವಮಾನವಲ್ಲ, ಅದೇ ಸರಿಯಾದ ಮರ್ಯಾದೆ.

ದೀಕ್ಷಾಸ್ನಾನ ಎಂದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆಗುವ ಪ್ರವೇಶ ಸಂಸ್ಕಾರ. ಕಥೋಲಿಕ, ಸಿ.ಎಸ್.ಐ., ಮೆಥೊಡಿಸ್ಟ್ ಸಭೆಗಳಲ್ಲಿ ಸಾಮಾನ್ಯವಾಗಿ ತಲೆಯ ಮೇಲೆ ನೀರು ಹಾಕುತ್ತಾರೆ, ಶಿಶುಗಳಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟ್, ಬ್ರೆದರನ್, ಪೆಂಟಕೋಸ್ಟಲ್ ಸಭೆಗಳು ಸ್ವತಃ ನಂಬಿಕೆ ಹೇಳಬಲ್ಲವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸುತ್ತವೆ.

ವಯಸ್ಕರು ಅವಸರಪಡುವ ಅಗತ್ಯವಿಲ್ಲ. ಆದಿ ಸಭೆಯ ನಿಯಮಗ್ರಂಥವೊಂದು ಮೂರು ವರ್ಷದ ತಯಾರಿ ಕೇಳುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಸಭೆ ಆ ಹಳೆಯ ಕ್ರಮವನ್ನು ಮತ್ತೆ ತಂದಿತು. ಅದರ ವಿಧಿ 1972ರಲ್ಲಿ ಪ್ರಕಟವಾಯಿತು. ಮೊದಲು ವಿಚಾರಿಸುವ ಕಾಲ. ಆಮೇಲೆ ತಿಂಗಳುಗಟ್ಟಲೆ ಧರ್ಮೋಪದೇಶ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಮೊದಲ ಭಾನುವಾರದ ಹೊತ್ತಿಗೆ ಅಭ್ಯರ್ಥಿಗಳ ಆಯ್ಕೆ. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಬೇರೆ ಸಭೆಗಳಲ್ಲಿ ತರಗತಿಗಳು ಇದಕ್ಕಿಂತ ಚಿಕ್ಕವು. ಮೊದಲ ಭೇಟಿಯಲ್ಲೇ ದೀಕ್ಷಾಸ್ನಾನ ಮುಗಿಸೋಣ ಎನ್ನುವವರಿದ್ದರೆ ಸ್ವಲ್ಪ ತಡೆಯಿರಿ.

ತಡೆಯಲು ಕಾನೂನಿನ ಕಾರಣವೂ ಇದೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಕರ್ನಾಟಕ 2022ರಲ್ಲಿ ತಂದ ಕಾಯ್ದೆ ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಎಂದಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ದಿನ ಗೊತ್ತುಮಾಡುವ ಮುನ್ನ ಚಾಲ್ತಿಯಲ್ಲಿರುವ ನಿಯಮವನ್ನು ವಕೀಲರಲ್ಲಿ ಕೇಳಿಕೊಳ್ಳಿ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಅಂಥ ಧರ್ಮದ ಷರತ್ತಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಲ್ಲಿ ಒಬ್ಬರ ಮತಾಂತರ ಇನ್ನೊಬ್ಬರಿಗೆ ವಿಚ್ಛೇದನ ಕೇಳಲು ಆಧಾರವಾಗಬಹುದು. ಈ ಪರಿಣಾಮಗಳನ್ನು ಮುಚ್ಚಿಟ್ಟು ದೀಕ್ಷೆ ಕೊಡುವುದು ಅನ್ಯಾಯ.

ಮನೆ, ಹಬ್ಬ, ಪ್ರಸಾದ

ಹೆಸರು, ಉಡುಪು, ಭಾಷೆ ಬದಲಾಗಬೇಕಿಲ್ಲ. ಯೆಹೂದ್ಯರಲ್ಲದವರು ಕ್ರೈಸ್ತರಾಗಲು ಯೆಹೂದ್ಯರ ಸುನ್ನತಿ ಬೇಕೇ ಎಂಬ ಜಗಳವನ್ನು ಯೆರೂಸಲೇಮಿನ ಸಭೆ ಆರಂಭದಲ್ಲೇ ಬೇಡ ಎಂದು ತೀರಿಸಿತು (ಅಪೊಸ್ತಲರ ಕೃತ್ಯಗಳು 15). ಬದಲಾಗುವುದು ಆರಾಧನೆ: ಕ್ರೈಸ್ತರು ಒಬ್ಬನೇ ದೇವರನ್ನು ಪೂಜಿಸುತ್ತಾರೆ. ಮನೆಯಲ್ಲಿ ಇರಿಸುಮುರಿಸು ಹುಟ್ಟುವುದು ಇಲ್ಲೇ.

ಅಮ್ಮ ದೇವಸ್ಥಾನದಿಂದ ತಂದ ಪ್ರಸಾದ ತಿನ್ನಬಹುದೇ? ಇದಕ್ಕೆ ಬಹಳ ಹತ್ತಿರದ ಪ್ರಶ್ನೆ ಒಂದನೇ ಶತಮಾನದ ಕೊರಿಂಥ ಪಟ್ಟಣದಲ್ಲಿ ಎದ್ದಿತ್ತು. ಅಲ್ಲಿ ಮಾಂಸದ ಅಂಗಡಿಯಲ್ಲಿ ಸಿಗುತ್ತಿದ್ದುದರಲ್ಲಿ ಗುಡಿಯಲ್ಲಿ ಅರ್ಪಿಸಿದ್ದೂ ಇರುತ್ತಿತ್ತು. ಆದಿ ಸಭೆಯ ಬೋಧಕ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಒಂದೇ ಸಾಲಿನ ಉತ್ತರ ಕೊಡುವುದಿಲ್ಲ. ಆಹಾರದಲ್ಲೇ ದೋಷವಿಲ್ಲ. ಗುಡಿಯ ಆರಾಧನೆಯಲ್ಲಿ ಪಾಲುಗೊಳ್ಳಬೇಡಿ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿರಿ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿ. ಈ ಆಧಾರದ ಮೇಲೆ ಹೆಚ್ಚಿನ ಸಭೆಗಳು ಪ್ರಸಾದ ಎಂದು ಕೊಟ್ಟದ್ದನ್ನು ತೆಗೆದುಕೊಳ್ಳಬಾರದು ಎಂದು ಕಲಿಸುತ್ತವೆ; ಹಬ್ಬದ ದಿನದ ಮನೆಯೂಟಕ್ಕೆ ಕೂರುವುದನ್ನು ಅನೇಕರು ತಪ್ಪೆಂದು ಎಣಿಸುವುದಿಲ್ಲ. ತೆಗೆದುಕೊಳ್ಳದಿರುವುದನ್ನು ಹೇಳುವ ರೀತಿ ದೊಡ್ಡದು. ಎರಡೂ ಕೈ ಜೋಡಿಸಿ, "ಅಮ್ಮಾ, ಬೇಜಾರು ಮಾಡ್ಕೋಬೇಡ, ಊಟಕ್ಕೆ ನಿನ್ನ ಜೊತೆನೇ ಕೂರ್ತೀನಿ" ಎಂದರೆ ಸಂಬಂಧ ಉಳಿಯುತ್ತದೆ. ಮನೆಯ ದೇವರಪಟಗಳನ್ನು ಕಿತ್ತುಹಾಕುವುದು, ಹಿರಿಯರ ನಂಬಿಕೆಯನ್ನು ಹೀಗಳೆಯುವುದು ಸುವಾರ್ತೆಗೆ ಒಪ್ಪುವ ನಡತೆಯಲ್ಲ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆ ಅವರ ಧರ್ಮ ಯಾವುದೆಂದು ಕೇಳುವುದಿಲ್ಲ.

ಎಲ್ಲಿ ಎಡವುತ್ತಾರೆ?

ಮೊದಲ ತಿಂಗಳುಗಳ ಸಂತೋಷ ಒಂದು ದಿನ ಬತ್ತುತ್ತದೆ. ಪ್ರಾರ್ಥನೆ ಗೋಡೆಗೆ ಹೇಳಿದಂತಾಗುತ್ತದೆ. ಇದನ್ನೇ ನಂಬಿಕೆ ಹೋಯಿತು ಎಂದುಕೊಂಡು ಬಿಟ್ಟವರು ಬಹಳ. ಎಲ್ಲಿಯವರೆಗೆ ಮರೆತಿರುವೆ ಎಂದು ದೇವರನ್ನೇ ಕೇಳುವ 13ನೇ ಕೀರ್ತನೆಯೂ, ಕತ್ತಲೆಯಲ್ಲೇ ಮುಗಿಯುವ 88ನೇ ಕೀರ್ತನೆಯೂ ಬೈಬಲಿನ ಒಳಗೇ ಇವೆ. ಅಂಥ ದಿನಗಳಿಗೆ ಅವೇ ಪ್ರಾರ್ಥನೆ. ಸಮಯವನ್ನು ಕಡಿಮೆ ಮಾಡಿ, ನಿಲ್ಲಿಸಬೇಡಿ. ವಾರವಿಡೀ ತಪ್ಪಿದ್ದರೆ ಬಿಟ್ಟ ಅಧ್ಯಾಯಗಳನ್ನೆಲ್ಲ ಒಟ್ಟಿಗೆ ಓದಿ ತೀರಿಸಲು ಹೋಗದೆ ಇವತ್ತಿನದರಿಂದ ಮುಂದುವರಿಯಿರಿ.

ಇನ್ನೊಂದು ಎಡವು ಹರಕೆಯ ಲೆಕ್ಕ: ನಂಬಿದೆ, ಕೆಲಸ ಸಿಗಬೇಕು, ಪ್ರಾರ್ಥಿಸಿದೆ, ಕಾಯಿಲೆ ಹೋಗಬೇಕು. ಗುಣವಾಗಲೆಂದು ಪ್ರಾರ್ಥಿಸುವುದು ಕ್ರೈಸ್ತ ಪದ್ಧತಿಯೇ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಸಕ್ಕರೆ ಕಾಯಿಲೆ, ಮೂರ್ಛೆರೋಗ, ಖಿನ್ನತೆಯ ಮಾತ್ರೆಗಳನ್ನು ನಿಲ್ಲಿಸಿದರೆ ಜೀವಕ್ಕೆ ಕುತ್ತು. ನಿಲ್ಲಿಸಿ ಎನ್ನುವ ಬೋಧಕರ ಮಾತು ಕೇಳಬೇಡಿ. ಹೊಸ ಒಡಂಬಡಿಕೆಯ ಲೂಕನನ್ನೇ ಪೌಲ ಪ್ರಿಯ ವೈದ್ಯ ಎಂದು ಕರೆದಿದ್ದಾನೆ.

ಹಣದ ವಿಷಯದಲ್ಲೂ ಗಟ್ಟಿಯಾಗಿರಬೇಕು. ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಭಾಗ, ಹಳೆಯ ಒಡಂಬಡಿಕೆಯ ನಿಯಮ. ಹಲವು ಸಭೆಗಳು ಅದನ್ನು ಇಂದಿಗೂ ಕಲಿಸುತ್ತವೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 9ನೇ ಅಧ್ಯಾಯದಲ್ಲಿ ಪೌಲನ ಸಲಹೆ ಬೇರೆ ರೀತಿಯದು: ಪ್ರತಿಯೊಬ್ಬರೂ ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಲಿ, ಬಲವಂತದಿಂದ ಬೇಡ. ಸಾಲ ಮಾಡಿ ಕಾಣಿಕೆ ಹಾಕಬೇಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ, ಸಭೆಯ ವಾರ್ಷಿಕ ಲೆಕ್ಕಪತ್ರವನ್ನು ಸದಸ್ಯರ ಮುಂದೆ ಇಡುತ್ತಾರೆಯೇ ಎಂದು ವಿಚಾರಿಸಿ. ಈ ಪ್ರಶ್ನೆಗೆ ಸಿಟ್ಟಾಗುವ ಕಡೆ ಇರಬೇಡಿ. ಲೆಕ್ಕ ತೆರೆದಿಡುವ ಸಭೆಗಳು ಬೇಕಾದಷ್ಟಿವೆ.